ಕಾಲು ಹತ್ತದ ಗಾಡಿ

ಚಪ್ಪಲಿ ಸವೆಯುವ ರೀತಿಯಿಂದ ಮನುಷ್ಯನ ಬದುಕನ್ನು ತಿಳಿಯಬಹುದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಹೇಳಬೇಕಾಗಿತ್ತೆಂಬುದು ನನ್ನ ನಮ್ರ ಅಭಿಪ್ರಾಯ. ಲೋಕದ ಸಮಸ್ತ ಚಪ್ಪಲಿಗಳೂ ಹಿಮ್ಮಡಿಯಲ್ಲಿ ಸವೆಯುತ್ತಿರುವಾಗ ನನ್ನ ಎಡಗಾಲಿನದು ಮಾತ್ರ ತುದಿಯಲ್ಲಿ, ಹೆಬ್ಬೆರಳಿನ ಕೆಳಗೆ, ಒಂದು ಕಾಸಿನಗಲದ ಜಾಗದಲ್ಲಿ ಸವೆಯುತ್ತಿತ್ತು. ಬಲಗಾಲಿನದು ಹೊಸ ಅಳಿಯನಂತೆ ಮಿರಿಮಿರಿ ಮಿಂಚುತ್ತಿತ್ತು. ನಾವಿರುವ ಜಮಖಂಡಿಯ ಪೇಟೆಯಲ್ಲಿ ಚಪ್ಪಲಿ ಹೊಲಿಯುವವನು ಎಡಗಾಲಿನದನ್ನು ತಿರುವಿಹಾಕಿ ನೋಡಿ, “ಸರ, ಒಂದ ಕಾಲಾಗ ಕುಣೀತೀರೇನ್ರಿ?” ಎಂದು ಕೇಳಿದ. ಜನ್ಮವಿಡೀ ರಬಕವಿಯ ಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸಿದವನಿಗೆ ಕುಣಿಯಲು ಕಾರಣವಾದರೂ ಎಲ್ಲಿಂದ ಬರಬೇಕು? ನಾನು ಕುಣಿಯುತ್ತಿರಲಿಲ್ಲ. ಮೋಟಾರ್ ಸೈಕಲ್ಲಿನ ಮೇಲೆ ಕೂತು ನಿಲ್ಲುತ್ತಿದ್ದೆ, ಅಷ್ಟೇ. ‘ಕೂತು ನಿಲ್ಲುವುದು’ ಎಂಬ ಪ್ರಯೋಗ ವ್ಯಾಕರಣಕ್ಕೆ ಸಮ್ಮತ. ನನ್ನ ದೇಹಕ್ಕೆ ಸಮ್ಮತವಾಗಿರಲಿಲ್ಲವೆಂಬುದೇ ಈ ಕಥೆ.

ಸತ್ಯವನ್ನು ಮೊದಲೇ ಹೇಳಿಬಿಡುವುದು ಲೇಸು. ನಾನು ಹ್ರಸ್ವ, ಗಾಡಿ ದೀರ್ಘ. ಹ್ರಸ್ವದ ಮುಂದೆ ದೀರ್ಘ ಬಂದರೆ ಸಂಧಿಯಾಗುತ್ತದೆಂದು ಮಕ್ಕಳಿಗೆ ಹೇಳಿಕೊಡುವ ನಾನು, ದೀರ್ಘದ ಮೇಲೆ ಹ್ರಸ್ವ ಕೂತರೆ ಏನಾಗುತ್ತದೆಂದು ಯೋಚಿಸಿರಲಿಲ್ಲ. ಸಂಧಿಯಾಗಲಿಲ್ಲ, ಸಂಧಿಗಳು ನೋಯತೊಡಗಿದವು.

ಹಳೆಯ ಗಾಡಿ ದಣಿದು ಮೂಲೆ ಸೇರಿದ ಮೇಲೆ ಹೊಸದನ್ನು ಕೊಳ್ಳಲು ಹೋದವನಿಗೆ ಅಂಗಡಿಯ ತರುಣನು ಈ ಮಹಾಕಾಯವನ್ನು ತೋರಿಸಿದ. ಕಬ್ಬಿನ ಟ್ರ್ಯಾಕ್ಟರುಗಳು ಉತ್ತು ಹಾಕಿದ ನಮ್ಮ ಕಡೆಯ ರಸ್ತೆಗಳಿಗೆ ನೆಲದಿಂದ ಮೇಲೆದ್ದ ಗಾಡಿಯೇ ಬೇಕೆಂದ. ಹತ್ತಿ ಕೂತೆ. ಎಡಗಾಲು ಗಟ್ಟಿಯಾಗಿ ಊರಿತು. ಪೀಠಾರೋಹಣ ಮಾಡಿದ ಸ್ವಾಮಿಗಳ ಗಾಂಭೀರ್ಯ ನನ್ನ ಮುಖದಲ್ಲಿ ಮೂಡಿತೆಂದು ಕನ್ನಡಿಯೂ ಸಾಕ್ಷಿ ನುಡಿಯಿತು. ಗಾಡಿಯನ್ನು ಅಂಗಡಿಯ ಕಟ್ಟೆಯ ಪಕ್ಕದಲ್ಲಿ ನಿಲ್ಲಿಸಿದ್ದರೆಂಬುದೂ, ನನ್ನ ಕಾಲು ಊರಿದ್ದು ಭೂಮಿಯ ಮೇಲಲ್ಲ, ಕಟ್ಟೆಯ ಮೇಲೆಂಬುದೂ ತಿಳಿದದ್ದು ಗಾಡಿ ರಸ್ತೆಗಿಳಿದ ಮೇಲೆ. ಅಂಗಡಿಯವನದೇನೂ ತಪ್ಪಿಲ್ಲ. ಕಟ್ಟೆಯನ್ನೂ ಕೊಡುತ್ತೇನೆಂದು ಅವನೆಂದೂ ಹೇಳಿರಲಿಲ್ಲ.

ಅಂದಿನಿಂದ ನನ್ನ ಭೂಗೋಳವೇ ಬದಲಾಯಿತು. ಮುಧೋಳವೆಂದರೆ ಅನ್ಯರಿಗೆ ನಾಯಿಯ ತಳಿ. ನನಗೆ ಬಸ್ ನಿಲ್ದಾಣದೆದುರಿನ ಗಟಾರದ ಎತ್ತರದ ಅಂಚು. ಬೀಳಗಿಯೆಂದರೆ ಒಂದು ಮುರಿದ ಮೈಲುಗಲ್ಲು. ಕಾಲೂರಲು ಸಿಕ್ಕಿದ್ದೇ ನನಗೆ ಊರು. ಸಿಗದ ಊರುಗಳನ್ನು ನಿಲ್ಲದೆ ದಾಟುತ್ತಿದ್ದೆ. ಪರಿಚಯದವರು ಕೈಯೆತ್ತಿ ಕರೆದರೆ ನಗುತ್ತ ಮುಂದೆ ಹೋಗುತ್ತಿದ್ದೆ. ‘ಹೊಸಾ ಗಾಡಿ ಬಂದ ಮ್ಯಾಲ ಮಾಸ್ತರಗ ಸೊಕ್ಕ ಬಂದೈತಿ’ ಎಂಬ ಮಾತು ನನ್ನ ಕಿವಿಗೂ ಬಿತ್ತು. ಅದು ಸೊಕ್ಕಲ್ಲ, ಸೊಂಟದ ಕೆಳಗಿನ ಕೊರತೆ ಎಂದು ಬೀದಿಯಲ್ಲಿ ಯಾರಿಗೆ ವಿವರಿಸಲಿ?

ಬೀಳುವವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಪ್ರತಿ ಭಾನುವಾರ ನಾನೂ ನನ್ನ ಹೆಂಡತಿ ಶಾಂತಾಳೂ ಬನಹಟ್ಟಿಯಲ್ಲಿರುವ ಅವಳ ಅಕ್ಕನ ಮನೆಗೆ ಹೋಗುವುದು ಹಳೆಯ ಗಾಡಿಯ ಕಾಲದಿಂದ ನಡೆದುಬಂದ ಪದ್ಧತಿ. ಆ ಭಾನುವಾರ ಹುನ್ನೂರಿನಲ್ಲಿ, ಬಸಪ್ಪನ ಚಹಾದಂಗಡಿಯ ಮುಂದೆ, ಕಬ್ಬು ಹೇರಿದ ಟ್ರ್ಯಾಕ್ಟರೊಂದು ಎದುರಿಗೆ ನಿಂತುಬಿಟ್ಟಿತು. ನಾನೂ ನಿಲ್ಲಲೇಬೇಕಾಯಿತು. ಎಡಗಾಲನ್ನು ಚಾಚಿದೆ, ರಸ್ತೆಯ ಅಂಚು ಅಲ್ಲಿ ತಗ್ಗಾಗಿತ್ತು. ಚಾಚಿದೆ, ಇನ್ನೂ ಚಾಚಿದೆ, ಪಾದಕ್ಕೆ ಗಾಳಿಯಲ್ಲದೆ ಬೇರೇನೂ ಸಿಗಲಿಲ್ಲ. ಆಮೇಲೆ ಗಾಡಿ, ನಾನು, ಶಾಂತಾ, ಅವಳ ಮಡಿಲಲ್ಲಿದ್ದ ಶೇಂಗಾ ಹೋಳಿಗೆಯ ಡಬ್ಬಿ, ಈ ಅನುಕ್ರಮದಲ್ಲಿ, ಯಾವ ಅವಸರವೂ ಇಲ್ಲದೆ, ಸಭ್ಯವಾಗಿ ಎಡಕ್ಕೆ ಒರಗಿದೆವು. ಪದವಿಯಿಂದ ಇಳಿಸುವುದಕ್ಕೆ ಪದಚ್ಯುತಿ ಎನ್ನುತ್ತಾರೆ. ‘ಪದ’ವೆಂದರೆ ಕಾಲೂ ಹೌದೆಂಬ ಶ್ಲೇಷೆ ನನಗೆ ಹೊಳೆದದ್ದು ಮಣ್ಣಿನಲ್ಲಿ ಮಲಗಿದ್ದಾಗ.

ಶಾಂತಾಳ ಮೊಣಕೈ ತರಚಿತ್ತು. ಎದ್ದು, ಸೀರೆ ಝಾಡಿಸಿ, ಡಬ್ಬಿಯ ಮುಚ್ಚಳ ಭದ್ರಪಡಿಸಿಕೊಂಡು, ನನ್ನ ಕಡೆಗೆ ತಿರುಗಿದಳು. ದನಿ ಏರಿಸಲಿಲ್ಲ.

“ನಿಮ್ಮ ಕಾಲ ನೆಲಕ್ಕ ಹತ್ತೂತನಾ ನಾ ಈ ಗಾಡಿ ಹತ್ತಂಗಿಲ್ಲ ನೋಡ್ರಿ.”

ನಮ್ಮ ಸೀಮೆಯ ಕನ್ನಡದಲ್ಲಿ ಹತ್ತುವುದೆಂದರೆ ತಾಕುವುದೂ ಹೌದು, ಏರುವುದೂ ಹೌದು. ಒಂದೇ ಧಾತುವನ್ನು ಎರಡರ್ಥದಲ್ಲಿ ಹೀಗೆ ಕೂಡಿಸಿದ ವಾಕ್ಯವನ್ನು ನನ್ನ ವಿದ್ಯಾರ್ಥಿ ಬರೆದಿದ್ದರೆ ಬೆನ್ನು ತಟ್ಟುತ್ತಿದ್ದೆ. ಅಂದು ನನ್ನ ಬೆನ್ನನ್ನೇ ಯಾರೋ ಒರೆಸುತ್ತಿದ್ದರು. ಶಾಂತಾ ಬಸ್ಸು ಹತ್ತಿ ಹೋದಳು.

ಮುಂದಿನ ಭಾನುವಾರಗಳಲ್ಲೂ ಅವಳು ಬಸ್ಸಿನಲ್ಲಿ, ನಾನು ಗಾಡಿಯಲ್ಲಿ. ಎರಡೂ ಒಂದೇ ರಸ್ತೆಯಲ್ಲಿ. ಮೊದಲ ಸಲ ಸ್ವಾತಂತ್ರ್ಯವೆನಿಸಿತೆಂದು ಒಪ್ಪಿಕೊಳ್ಳುತ್ತೇನೆ. ಎರಡನೆಯ ಸಲಕ್ಕೆ ಏನೋ ಕಡಿಮೆಯಾಗಿದೆಯೆನಿಸಿತು. ಬೆನ್ನ ಹಿಂದೆ ಮಾತಿರಲಿಲ್ಲ. ಇಷ್ಟು ವರ್ಷ ಹಿಂದಿನ ಆಸನದಿಂದ ಅವಳು ಬಿಡುವಿಲ್ಲದೆ ವರದಿ ಒಪ್ಪಿಸುತ್ತಿದ್ದಳು. ಯಾರ ಹೊಲದ ಕಬ್ಬು ಕಡಿದಾಯಿತು, ಯಾರು ಮನೆಗೆ ಗಿಳಿಹಸಿರು ಬಣ್ಣ ಬಳಿದು ಕೆಟ್ಟರು, ಯಾವ ಓಣಿಯಲ್ಲಿ ಮಗ್ಗದ ಸಪ್ಪಳ ನಿಂತಿದೆ, ಬಿಸಿಲಿಗೆ ಹಾಕಿದ ಬಣ್ಣದ ನೂಲು ಈ ಸಲ ಯಾವ ಸೀರೆಗೆ. ನಾನು ಹೂಂಗುಟ್ಟುತ್ತಿದ್ದೆ, ಅದೂ ಅರೆಮನಸ್ಸಿನಿಂದ. ಒಬ್ಬನೇ ಹೋಗತೊಡಗಿದ ಮೇಲೆ ತಿಳಿಯಿತು: ಈ ದಾರಿಯಲ್ಲಿ ನಾನು ಕಂಡದ್ದು ತಗ್ಗುಗಳನ್ನು ಮಾತ್ರ, ಊರುಗಳನ್ನು ಕಂಡವಳು ಅವಳು. ಅವಳಿಲ್ಲದ ರಸ್ತೆಯಲ್ಲಿ ತಗ್ಗುಗಳೇ ಉಳಿದಿದ್ದವು.

ಹುನ್ನೂರಿನಲ್ಲಿ ಚಹಾಕ್ಕೆ ನಿಲ್ಲುವುದನ್ನೂ ಬಿಡುವುದರಲ್ಲಿದ್ದೆ. ಆದರೆ ಒಂದು ದಿನ ಬಸಪ್ಪನೇ ಅಡ್ಡ ಬಂದು ಕೈಮಾಡಿ ತೋರಿಸಿದ. ನಾನು ಬಿದ್ದ ಜಾಗದಲ್ಲಿ, ರಸ್ತೆಯ ಅಂಚಿಗೆ, ಚಪ್ಪಟೆಯಾದೊಂದು ದಪ್ಪ ಕಲ್ಲು ಹೂತಿತ್ತು.

“ನಿಮ್ಮ ಸಲುವಾಗಿ ಅಲ್ಲರಿ ಸರ,” ಎಂದ. “ನಮ್ಮ ಅಂಗಡಿ ಮುಂದ ಮಾಸ್ತರ ಬಿದ್ರು ಅಂದ್ರ, ಬಸಪ್ಪ ಚಹಾದಾಗ ಏನ ಕೂಡಸ್ತಾನ ಅಂತ ಮಂದಿ ಕೇಳಾಕತ್ತಾರ.”

ಆ ಕಲ್ಲಿನ ಮೇಲೆ ಕಾಲೂರಿ ಕುಡಿದ ಚಹಾದ ರುಚಿಯನ್ನು ನಾನು ಮರೆಯಲಾರೆ. ಕೆಲವೇ ದಿನಗಳಲ್ಲಿ ಅದಕ್ಕೆ ‘ಮಾಸ್ತರ ಕಲ್ಲ’ ಎಂದು ನಾಮಕರಣವೂ ಆಯಿತು. ಬದುಕಿರುವಾಗಲೇ ತನ್ನ ಹೆಸರಿನ ಕಲ್ಲನ್ನು ಕಾಣುವ ಭಾಗ್ಯ ಎಷ್ಟು ಜನಕ್ಕಿದೆ? ಆದರೂ ಒಂದು ಕಲ್ಲಿನಿಂದ ಹಿಂದಿನ ಆಸನ ತುಂಬುವುದಿಲ್ಲ. ಶಾಂತಾ ಹೇಳಿದ್ದು ನೆಲ, ಕಲ್ಲಲ್ಲ.

ಕೊನೆಗೆ ಮುಧೋಳದ ಮೆಕ್ಯಾನಿಕ್ ದಸ್ತಗೀರನ ಬಳಿಗೆ ಹೋದೆ. ಆರಡಿಯ ಆಳು, ಬಾಯಿ ಅದಕ್ಕಿಂತ ಉದ್ದ. ಗಾಡಿಯ ಎತ್ತರ ಇಳಿಸಬೇಕೆಂದಾಗ ಅವನ ಮುಖ ಬಾಡಿತು.

“ಸರ, ಮುಧೋಳ ನಾಯಿ ಕಾಲ ಗಿಡ್ಡ ಮಾಡಿ, ಓಡಿ ಮೊಲಾ ಹಿಡಿ ಅಂದ್ರ, ಅದು ಮೊಲಾ ನೋಡಂಗಿಲ್ಲ, ನಿಮ್ಮ ಮಾರಿ ನೋಡ್ತದ.”

“ನನಗ ಮೊಲಾ ಬ್ಯಾಡೋ ಮಾರಾಯಾ,” ಎಂದೆ. “ಹೆಂಡ್ತಿ ಹಿಂದ ಕುಂತ್ರ ಸಾಕು.”

ಆ ಕಾರಣವನ್ನು ಅವನು ಒಪ್ಪಿದ. ಹಿಂದಿನ ಸಸ್ಪೆನ್ಷನ್ನಿನ ಪಟ್ಟಿ ಬದಲಿಸಿ ಗಾಡಿಯ ಬೆನ್ನನ್ನು ತಗ್ಗಿಸಿದ. ಮುಂದಿನ ಫೋರ್ಕನ್ನು ಅದಕ್ಕೆ ಸರಿಸಮ ಇಳಿಸಿದ. ಸೀಟನ್ನು ಬಿಚ್ಚಿ ಪಕ್ಕದ ಅಂಗಡಿಗೆ ಒಯ್ದು, ಒಳಗಿನ ಫೋಮನ್ನು ನಡುವೆ ಕೆತ್ತಿಸಿ, ಎರಡೂ ಬದಿ ಸವರಿಸಿದ. ಸೀಟು ಅಗಲವಿದ್ದರೆ ತೊಡೆಗಳು ದೂರ ಸರಿದು ಕಾಲು ಗಿಡ್ಡವಾಗುತ್ತದಂತೆ. ಸಂಸ್ಕೃತದಲ್ಲಿ ತೊಡೆಗೆ ಊರು ಎನ್ನುತ್ತಾರೆ. ‘ಊರು ಅಗಲಿದರೆ ಕಾಲು ಊರದು’ ಎಂದು ನಾನು ಅಲ್ಲಿಯೇ ಒಂದು ಸೂತ್ರ ರಚಿಸಿ ಹೇಳಿದೆ. ದಸ್ತಗೀರ, “ಹಾಂ, ಇದನ್ನ ಹಿಡೀರಿ ಸರ” ಎಂದು ನಟ್ಟು ಬಿಚ್ಚುವ ಪಾನಾ ನನ್ನ ಕೈಗೆ ಕೊಟ್ಟ. ವಿದ್ವತ್ತಿಗೆ ಸಲ್ಲುವ ಮರ್ಯಾದೆ ಪ್ರತಿಯೊಂದು ಸೀಮೆಯಲ್ಲಿ ಒಂದೊಂದು ತೆರ.

ಗಾಡಿಯನ್ನು ಮನೆಗೆ ತಂದು, ಅಂಗಳದಲ್ಲಿ ನಿಲ್ಲಿಸಿ, ಶಾಂತಾಳನ್ನು ಕರೆದೆ. ಅವಳು ಬಾಗಿಲಿಗೆ ಬರುವುದಕ್ಕೂ ಗಾಡಿ ತಾನೇ ತಾನಾಗಿ ಬಲಕ್ಕೆ ಧೊಪ್ಪೆಂದು ಬೀಳುವುದಕ್ಕೂ ಸರಿಹೋಯಿತು.

“ಇಷ್ಟ ದಿನಾ ನೀವ ಬೀಳ್ತಿದ್ರಿ,” ಎಂದಳು. “ಈಗ ಅದೂ ಬೀಳಾಕ ಹತ್ತೇತಿ.”

ಮೂರನೆಯ ‘ಹತ್ತು’, ತೊಡಗುವುದೆಂಬ ಅರ್ಥದ್ದು. ವ್ಯಾಕರಣಕಾರನಾಗಿ ಮೆಚ್ಚಿದೆ, ಗಂಡನಾಗಿ ಕುಗ್ಗಿದೆ. ಆದದ್ದಿಷ್ಟೆ: ಗಾಡಿ ಕುಳ್ಳಾಗಿತ್ತು, ಅದರ ಪಕ್ಕದ ಸ್ಟ್ಯಾಂಡು ಮೊದಲಿನಷ್ಟೇ ಉದ್ದವಿತ್ತು, ಒರಗಿ ನಿಲ್ಲಬೇಕಾದ ಗಾಡಿಯನ್ನು ಅದು ನೆಟ್ಟಗೆ ನಿಲ್ಲಿಸಿ, ಸಣ್ಣದೊಂದು ಗಾಳಿಗೆ ಆಚೆ ಕೆಡವಿತು. ನಮ್ಮ ಎತ್ತರ ಇಳಿದಾಗ ಊರುಗೋಲೂ ಇಳಿಯಬೇಕೆಂಬ ವಿವೇಕ ನನಗೂ ಇರಲಿಲ್ಲ, ದಸ್ತಗೀರನಿಗೂ ಹೊಳೆದಿರಲಿಲ್ಲ. ಮರುದಿನ ಅವನು ತಲೆ ಕೆರೆದುಕೊಳ್ಳುತ್ತ ಸ್ಟ್ಯಾಂಡನ್ನು ಕತ್ತರಿಸಿ ಬೆಸುಗೆ ಹಾಕಿಕೊಟ್ಟು, “ಅಕ್ಕಾರಿಗೆ ಹೇಳಬ್ಯಾಡ್ರಿ” ಎಂದ. ಅಕ್ಕಾರು, ಎಂದರೆ ಶಾಂತಾ, ಆಗಲೇ ಎಲ್ಲವನ್ನೂ ಕಂಡಿದ್ದರು.

ಭಾನುವಾರ ಬಂತು. ಶಾಂತಾ ಡಬ್ಬಿ ಹಿಡಿದು ಕಟ್ಟೆಯ ಮೇಲೆ ನಿಂತಳು. ನಾನು ಗಾಡಿಯ ಮೇಲೆ ಕೂತೆ. ಅವಳು ಬಗ್ಗಿ, ಹೊಲದ ಬದುವಿನ ತಂಟೆ ತೀರಿಸಲು ಬಂದ ಪಂಚರಂತೆ, ನನ್ನ ಎಡ ಹಿಮ್ಮಡಿಯನ್ನು ನೋಡಿದಳು. ಅದು ಪೂರ್ತಿ ನೆಲದ ಮೇಲಿತ್ತು. ಬಲಗಾಲಿಗೆ ಹೋದಳು. ಅಲ್ಲಿ ತುದಿ ಮಾತ್ರ.

“ಇನ್ನೂ ಇಳಿಸಿದ್ರ ತೆಳಗ ಹಂಪಿಗೆ ಬಡೀತದಂತ,” ಎಂದು ತಗ್ಗಿದ ದನಿಯಲ್ಲಿ ಅರಿಕೆ ಮಾಡಿಕೊಂಡೆ. ಹಂಪೆಂದರೆ ನಮ್ಮ ರಸ್ತೆಗಳಲ್ಲಿ ಹೆಜ್ಜೆಗೊಂದಿರುವ ಉಬ್ಬು.

ಅವಳು ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಹಿಂದಿನ ಆಸನದ ಭವಿಷ್ಯ ಆ ಡಬ್ಬಿಯ ಜೊತೆ ತೂಗುತ್ತಿತ್ತು.

“ಒಂದ ಕಾಲ ಪೂರಾ ಊರಿದ್ರ ಸಾಕ ಬಿಡ್ರಿ,” ಎಂದಳು. “ಎರಡೂ ಊರಿ ಕುಂತಾಂವ ಬನಹಟ್ಟಿ ಯಾವಾಗ ಮುಟ್ಟಬೇಕು?”

ಮತ್ತೆ ಕಟ್ಟೆಯೇರಿ, ಅಲ್ಲಿಂದಲೇ ಹತ್ತಿ ಕೂತಳು. ಹೆಗಲ ಮೇಲೆ ಅವಳ ಕೈ ಬಿದ್ದಾಗ ಗಾಡಿ ಇನ್ನಷ್ಟು ತಗ್ಗಿತು. ಬಲ ಹಿಮ್ಮಡಿಯೂ ನೆಲಕ್ಕೆ ಹತ್ತಿತು. ಇದನ್ನು ದಸ್ತಗೀರನೂ ಲೆಕ್ಕ ಹಿಡಿದಿರಲಿಲ್ಲ. ನನ್ನ ಕಾಲು ಊರಲು ಬೇಕಾದ ಕೊನೆಯ ಭಾರ ಅವಳದೇ ಆಗಿತ್ತು. ಕೃತಜ್ಞತೆ ಹೇಳಬೇಕೆಂದುಕೊಂಡೆ. ಗಾಡಿ ರಸ್ತೆಗಿಳಿಯುವಷ್ಟರಲ್ಲಿ ಅವಳು, “ಆ ಗಿಳಿಹಸಿರ ಮನಿಗೆ ಈಗ ಗುಲಾಬಿ ಗೇಟ ಹಚ್ಯಾರ ನೋಡ್ರಿ” ಎಂದು ವರದಿ ಆರಂಭಿಸಿದಳು. ಹೂಂ ಎಂದೆ, ಈ ಸಲ ಪೂರ್ಣ ಮನಸ್ಸಿನಿಂದ, ತಿರುಗಿ ಗೇಟನ್ನೂ ನೋಡಿ. “ಮುಂದ ನೋಡ್ರಿ” ಎಂದು ಬೈಸಿಕೊಂಡೆ.

ಹುನ್ನೂರಿನಲ್ಲಿ ಚಹಾ ಆಯಿತು. ನನ್ನ ಪಾದ ರಸ್ತೆಯ ಮೇಲೆಯೇ ನಿಂತದ್ದನ್ನು ಕಂಡ ಬಸಪ್ಪ, “ಇನ್ನ ಕಲ್ಲ ಕೀಳ್ಲೇನ್ರಿ ಸರ?” ಎಂದ. ನಾನು ಉತ್ತರಿಸುವ ಮೊದಲೇ ಶಾಂತಾ, ಮೊಣಕಾಲು ನೋವಿನವಳು, ಹತ್ತಲು ಮನೆಯ ಕಟ್ಟೆಯಿಲ್ಲದೆ ಅತ್ತಿತ್ತ ನೋಡುತ್ತಿದ್ದವಳು, ಎಡಗಾಲನ್ನು ಆ ಕಲ್ಲಿನ ಮೇಲಿಟ್ಟು, ತುದಿಗಾಲಲ್ಲಿ ಜೀಕಿ, ಗಾಡಿ ಹತ್ತಿ ಕೂತಳು.

“ಇರ್ಲಿ ಬಿಡಪಾ,” ಎಂದಳು.

ಈಗ ಅದಕ್ಕೆ ‘ಅಕ್ಕಾರ ಕಲ್ಲ’ ಎನ್ನುತ್ತಾರೆ. ನನ್ನ ಕೀರ್ತಿ ಇಷ್ಟು ಬೇಗ ಅಳಿದದ್ದಕ್ಕೆ ನನಗೆ ವ್ಯಥೆಯಿಲ್ಲ. ಮೊನ್ನೆ ಚಪ್ಪಲಿ ಹೊಲಿಯುವವನ ಮುಂದೆ ಮತ್ತೆ ನಿಂತಿದ್ದೆ. ನನ್ನ ಎಡಗಾಲಿನದು ಲೋಕಸಮ್ಮತವಾಗಿ ಹಿಮ್ಮಡಿಯಲ್ಲಿ ಸವೆದಿತ್ತು. ಅವನು ನೋಡಿ, “ಕುಣಿಯೂದ ಬಿಟ್ರೇನ್ರಿ ಸರ?” ಎಂದ. ನಾನು ಚೀಲದಿಂದ ಶಾಂತಾಳ ಎಡಗಾಲಿನ ಚಪ್ಪಲಿ ತೆಗೆದು ಅವನ ಮುಂದಿಟ್ಟೆ. ಅದು ತುದಿಯಲ್ಲಿ, ಹೆಬ್ಬೆರಳಿನ ಕೆಳಗೆ, ಒಂದು ಕಾಸಿನಗಲ ಸವೆದಿತ್ತು.