ದೋಸೆಹಿಟ್ಟಿನಲ್ಲಿ ಗುಲಾಬಿ ಬಿಲ್ಲೆ

ಮೊನ್ನೆ ಫ್ರಿಡ್ಜ್‌ನಲ್ಲಿಡಲು ಮರೆತ ದೋಸೆಹಿಟ್ಟು ಡಬ್ಬಿಯ ಮುಚ್ಚಳ ತಳ್ಳಿಕೊಂಡು ಅಡುಗೆಕಟ್ಟೆಯ ಮೇಲೆಲ್ಲ ಉಕ್ಕಿತ್ತು. ಆ ಹುಳಿ ವಾಸನೆಗೆ, ಒರೆಸುವ ಬಟ್ಟೆ ಹಿಡಿದವಳು ಹಾಗೇ ನಿಂತುಬಿಟ್ಟೆ. ಓನರ್ ಆಂಟಿ ನೆನಪಾದರು...

ಬಸವೇಶ್ವರನಗರದ ಈ ಮನೆಯ ಮಹಡಿಗೆ ನಾನು ಬಾಡಿಗೆಗೆ ಬಂದಾಗ ಆಂಟಿಗೆ ಎಪ್ಪತ್ತು ದಾಟಿತ್ತು. ಕೆಳಗೆ ವರಾಂಡದಲ್ಲಿ ದೋಸೆಹಿಟ್ಟು, ಖಾರದ ಚಟ್ನಿ ಮಾರುತ್ತಿದ್ದರು. ಅರ್ಧ ಬೀದಿಯ ತಿಂಡಿ ಅವರ ಕೈಯಲ್ಲಿತ್ತು. ಆದರೆ ಚಟ್ನಿಯ ರುಚಿ ನೋಡುವ ಅಧಿಕಾರ ಮಾತ್ರ ಸೊಸೆಯ ಪಾಲಾಗಿತ್ತು. ಆಂಟಿಯ ಹಲ್ಲಿನ ಸೆಟ್‌ಗೆ ಫಂಗಸ್ ಹಿಡಿದು ಅಂಗುಳವೆಲ್ಲ ಕೆಂಪಗೆ ಹುಣ್ಣಾಗಿತ್ತು. ಖಾರ ಸೋಕಿದರೆ ಕಣ್ಣಲ್ಲಿ ನೀರು. ಹಾಗೆಂದು ಸುಮ್ಮನಿರುವವರೇ? ಬಣ್ಣ ನೋಡಿಯೇ "ಉಪ್ಪು ಕಮ್ಮಿ" ಎಂದು ತೀರ್ಪು ಕೊಡುತ್ತಿದ್ದರು. ಸೊಸೆ "ಹೂಂ ಅತ್ತೆ" ಎಂದು ಒಂದು ಚಿಟಿಕೆ ಗಾಳಿ ಉದುರಿಸುತ್ತಿದ್ದರು.

ರಾತ್ರಿ ಸೆಟ್ ತೆಗೆದಿಡಿ ಎಂದು ಡಾಕ್ಟರು ಹೇಳಿ ಹೇಳಿ ಸೋತಿದ್ದರು. "ಬೆಳಗ್ಗೆ ಐದೂವರೆಗೇ ಹಿಟ್ಟಿಗೆ ಬಂದು ಬೆಲ್ ಹೊಡೀತಾರೆ. ಬೊಚ್ಚು ಬಾಯಲ್ಲಿ ಬಾಗಿಲು ತೆಗೀಲಾ?" ಎನ್ನುತ್ತಿದ್ದರು ಆಂಟಿ.

ನನ್ನ ಸಂಶೋಧನೆಯೂ ಅದರದ್ದೇ. ಸೆಟ್ ಮಾಡುವ ಗುಲಾಬಿ ಪ್ಲಾಸ್ಟಿಕ್‌ಗೆ ಔಷಧಿ ಬೆರೆಸಿ, ಫಂಗಸ್ಸಾಗಲಿ ಬ್ಯಾಕ್ಟೀರಿಯಾ ಆಗಲಿ ಬೆಳೆಯದಂತೆ ಮಾಡುವುದು. ವಿಷಯ ತಿಳಿದದ್ದೇ ಆಂಟಿ ನನ್ನನ್ನು ಬಿಡಲಿಲ್ಲ. "ಬೇಗ ಮಾಡೇ. ಆ ಚಟ್ನೀನ ನಾನೇ ನಾಲಿಗೆ ಮೇಲಿಟ್ಟು ನೋಡ್ಬೇಕು" ಎಂದರು. ಪರೀಕ್ಷೆಗೆಂದು ಆ ಪ್ಲಾಸ್ಟಿಕ್ಕಿನ ಒಂದು ಪುಟ್ಟ ಬಿಲ್ಲೆಯನ್ನೂ ಕಸಿದುಕೊಂಡರು.

ಅವರ ಪ್ರಯೋಗಾಲಯ ಎರಡು ಪುಟ್ಟ ಬಟ್ಟಲು. ಎರಡರಲ್ಲೂ ಒಂದೊಂದು ಚಮಚ ಹಿಟ್ಟು, ಒಂದರಲ್ಲಿ ಮಾತ್ರ ನನ್ನ ಬಿಲ್ಲೆ. (ಮಾರುವ ಹಿಟ್ಟಿಗೆ ಅದನ್ನು ಸೋಕಿಸಲಿಲ್ಲ, ದೇವರಾಣೆ.) ಮರುದಿನ ಒಂದು ಬಟ್ಟಲು ಉಬ್ಬಿತ್ತು, ಬಿಲ್ಲೆಯದ್ದು ಮುಖ ಊದಿಸಿಕೊಳ್ಳದೆ ತೆಪ್ಪಗಿತ್ತು. ಹಿಟ್ಟು ಉಬ್ಬಿಸುವುದೂ ಅಂಥ ಸೂಕ್ಷ್ಮಜೀವಿಗಳೇ ತಾನೇ, ನಾನು ಕುಣಿದಾಡಿದೆ. ಲ್ಯಾಬ್‌ನಲ್ಲೂ ಅದೇ ಫಲಿತಾಂಶ ಬರುತ್ತಿತ್ತು. ಅಲ್ಲಿ ನಾವು ಪ್ರತಿ ಸಲ ಹೊಸ ಬಿಲ್ಲೆ ಇಟ್ಟು, ಆಮೇಲೆ ಎಸೆಯುತ್ತಿದ್ದೆವು.

ಆಂಟಿ ಹಾಲಿನ ಪ್ಯಾಕೆಟ್ಟನ್ನೇ ತೊಳೆದು ಒಣಗಿಸುವವರು, ಬಿಲ್ಲೆ ಎಸೆದಾರೆಯೇ? ಅದನ್ನೇ ದಿನಾ ತೊಳೆದು ದಿನಾ ಹೊಸ ಹಿಟ್ಟಿಗೆ ಹಾಕಿದರು. ಎರಡನೇ ವಾರ ನನ್ನನ್ನು ಕೆಳಗೆ ಕರೆದರು. ಎರಡೂ ಬಟ್ಟಲು ಸಮಸಮ ಉಬ್ಬಿದ್ದವು.

"ನಿನ್ನ ಔಷಧಿ ಎಲ್ಲಾ ತೊಳ್ಕೊಂಡು ಹೋಯ್ತು ಕಣೇ. ಹಲ್ಲು ಹತ್ತು ದಿನ ಹಾಕ್ಕೊಳಕ್ಕಾ, ಹತ್ತು ವರ್ಷಕ್ಕಾ?"

ನನಗೆ ಸಿಟ್ಟು ಬಂತು. ದೋಸೆಹಿಟ್ಟು ವಿಜ್ಞಾನವಲ್ಲ ಎಂದು ಉಪನ್ಯಾಸ ಕೊಟ್ಟು ಮಹಡಿ ಹತ್ತಿದೆ. ಮರುದಿನದಿಂದ ಲ್ಯಾಬ್‌ನಲ್ಲಿ ಕದ್ದುಮುಚ್ಚಿ ಒಂದೇ ಬಿಲ್ಲೆ ತೊಳೆಯತೊಡಗಿದೆ. ಅವರು ಹೇಳಿದ್ದೇ ನಿಜವಾಯಿತು. ಇದು ನಿನಗೆ ಹೇಗೆ ಹೊಳೆಯಿತು ಎಂದು ಗೈಡ್ ಮೇಡಂ ಕೇಳಿದಾಗ, "ಓದ್ತಾ ಇದ್ದೆ ಮೇಡಂ" ಎಂದು ನಾಚಿಕೆಯಿಲ್ಲದೆ ಸುಳ್ಳು ಹೇಳಿದೆ. ಔಷಧಿ ಪ್ಲಾಸ್ಟಿಕ್ ಬಿಟ್ಟು ಹೋಗದಂತೆ ಕಟ್ಟಿಹಾಕುವ ಕೆಲಸ ಮೊದಲಿನಿಂದ ಶುರುವಾಯಿತು.

ಅಷ್ಟರಲ್ಲಿ ಆಂಟಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದರು. ಅಲ್ಲಿ ನರ್ಸ್ ಯಾವ ಮುಲಾಜೂ ಇಲ್ಲದೆ ಸೆಟ್ ತೆಗೆಸಿ ಡಬ್ಬಿಗೆ ಹಾಕಿ, ಬಾಯಿಗೆ ಔಷಧಿ ಹಚ್ಚಿದರು. ಕೆಲವೇ ದಿನಗಳಲ್ಲಿ ಹುಣ್ಣು ಮಾಯ. ನನ್ನ ಪ್ಲಾಸ್ಟಿಕ್ಕಿನ ಹಂಗೇ ಬೇಕಾಗಲಿಲ್ಲ! ಒಂದು ಸಂಜೆ ಸೊಸೆ ತಂದ ಚಟ್ನಿಗೆ ಬೆರಳದ್ದಿ, ಕಣ್ಮುಚ್ಚಿ ನೆಕ್ಕಿದರು.

"ಉಪ್ಪು ಜಾಸ್ತಿ."

ಸೊಸೆ ತಾವೂ ನೆಕ್ಕಿ ನೋಡಿದರು. ಎದ್ದು ಕಾರಿಡಾರಿಗೆ ಹೋದವರು ನಗುತ್ತಿದ್ದರೋ ಅಳುತ್ತಿದ್ದರೋ... "ಈ ಸಲ ಸರಿಯಾಗೇ ಬೈದ್ರು ಕಣ್ರೀ" ಎಂದರು.

ಆಂಟಿ ಮನೆಗೆ ವಾಪಸು ಬರಲಿಲ್ಲ.

ಹೋದ ವಾರ ನಮ್ಮ ಹೊಸ ಬಿಲ್ಲೆ ಪಾಸಾಯಿತು. ಮೂರು ತಿಂಗಳು ದಿನಾ ತೊಳೆದರೂ ಅದರ ಮೇಲೆ ಫಂಗಸ್ ಹತ್ತಲಿಲ್ಲ. ಮೇಡಂ ಸ್ವೀಟ್ ಹಂಚಿದರು. ನಾನು ಹೇಳಲು ಕೆಳಗೆ ಹೋದೆ. ಹಿಟ್ಟು ತೂಗುತ್ತಿದ್ದ ಸೊಸೆ ಪೂರ್ತಿ ಕೇಳಿ, "ಅತ್ತೆ ಇದ್ದಿದ್ರೆ, ಇನ್ನೊಂದು ತಿಂಗ್ಳು ತೊಳಿ ಅಂತಿದ್ರು" ಎಂದರು.

ಮರುದಿನದಿಂದ ಮತ್ತೆ ತೊಳೆಯುತ್ತಿದ್ದೇನೆ. ಮೇಡಂಗೆ ಇದೇಕೆಂದು ಅರ್ಥವಾಗಿಲ್ಲ. ಇನ್ನು ಸಾಕು ಎನ್ನಬೇಕಾದವರು ಇಲ್ಲ.