ಔಷಧಿ ಕಿಂಡಿಯ ಮುಂದಿನ ಸಾಲು

ತಕ್ಕಡಿಗೆ ಹಾಕಿದರೆ ಬೀಗದಮ್ಮ ತನ್ನ ಬೀಗದಕೈ ಗೊಂಚಲಿಗಿಂತ ತುಸು ಹೆಚ್ಚು ತೂಗಿಯಾಳು, ಅಷ್ಟೇ. ಎತ್ತರ ಕಡಿಮೆ, ಮಾತು ಅದಕ್ಕೂ ಕಡಿಮೆ. ಪೊರಕೆ ಕೊಳ್ಳಲು ನನ್ನ ಅಂಗಡಿಗೆ ಬಂದರೆ ಮಾತ್ರ ನನಗೆ ಗಂಟಲು ಒಣಗುವಷ್ಟು ಚೌಕಾಸಿ.

ಅವಳು ಕಾಯುತ್ತಿದ್ದದ್ದು ನಗರಸಭೆಯ ಪ್ರಾರ್ಥನಾ ಮಂದಿರ. ಬಡವರ ಔಷಧಾಲಯ ಕೆಡವಿ, ತೆರಿಗೆ ಹಣದಲ್ಲಿ ಎಲ್ಲ ಮತದವರಿಗೂ ಎಂದು ಕಟ್ಟಿದ್ದು. ತೆರಿಗೆ ಹಣದಲ್ಲಿ ದೇವರೇಕೆ ಎಂದು ಕೆಲವರು ಬರಲಿಲ್ಲ. ನಮ್ಮ ದೇವರ ಪಕ್ಕ ಅವರ ದೇವರೇಕೆ ಎಂದು ಉಳಿದವರು ಬರಲಿಲ್ಲ. ಬಂದವಳು ಬೀಗದಮ್ಮ ಒಬ್ಬಳೇ, ಅದೂ ಸಂಬಳಕ್ಕೆ.

ಸಂಜೆ ಹಸಿರು ಕಾರ್ಪೆಟ್ಟಿನ ಎಳೆಗಳನ್ನೆಲ್ಲ ಒಂದೇ ಕಡೆಗೆ ಬಾಚಿ ಬೀಗ ಹಾಕುವಳು. ಬೆಳಗ್ಗೆ ತೆರೆದರೆ ಅದರ ಮೇಲೆ ಹೆಜ್ಜೆಗಳು. ಒಂದರ ಹಿಂದೊಂದು, ಬೋಳು ಗೋಡೆಗೆ ಮುಖ ಮಾಡಿ. ಹಿಂದೆ ಔಷಧಿ ಕೊಡುವ ಕಿಂಡಿ ಇದ್ದದ್ದು ಅಲ್ಲೇ. ಬಂದ ಗುರುತಿಲ್ಲ, ಹೋದ ಗುರುತಿಲ್ಲ. ನಿಂತ ಗುರುತು ಮಾತ್ರ.

ಸಾಲಿನ ಕೊನೆಯ ಜೋಡಿಯಲ್ಲಿ ಎಡಗಾಲು ಹೊರಕ್ಕೆ ತಿರುಗಿತ್ತು. ಸಂಸಾರದುದ್ದಕ್ಕೂ ಅವಳು ಎಣ್ಣೆ ತಿಕ್ಕಿದ ಕಾಲು ಅದು. ಔಷಧಾಲಯ ಮುಚ್ಚಿದ ಚಳಿಗಾಲದಲ್ಲೇ ಗಂಡ ಕೆಮ್ಮಿ ಕೆಮ್ಮಿ ಹೋಗಿದ್ದ. ಅದನ್ನು ಗುರುತಿಸಿದ ಮೇಲೆ ಉಳಿದ ಹೆಜ್ಜೆಗಳನ್ನು ಬಾಚಿದರೂ ಅದೊಂದಕ್ಕೆ ಕೈ ಏಳುತ್ತಿರಲಿಲ್ಲ.

"ಇಲ್ಲೂ ಕೊನೇಲೇ ನಿಂತಿದ್ದೀರಲ್ಲ, ಮುಂದೆ ನುಗ್ಗೋಕೆ ಯಾವತ್ತು ಕಲಿತೀರಿ?" ಎಂದು ಬೈಯುವಳು.

ಈ ವರ್ಷವೂ ಮಂದಿರಕ್ಕೆ ಹಣ ಕೊಡಬೇಕೇ ಎಂದು ನೋಡಲು ನಗರಸಭೆಯ ಅಧ್ಯಕ್ಷರು ಬಂದರು. ಜನ ಬರ್ತಾರೆ ಅಂದುಬಿಡು, ನಿನ್ನ ಅನ್ನಕ್ಕೆ ನೀನೇ ಮಣ್ಣು ಹಾಕಿಕೊಳ್ಳಬೇಡ ಎಂದು ಗುಮಾಸ್ತ ಮೊದಲೇ ಅವಳ ಕಿವಿಯಲ್ಲಿ ಊದಿದ್ದ. ಹಣ ನಿಂತರೆ ಕೆಲಸ ಹೋಗುತ್ತಿತ್ತು, ಕಾರ್ಪೆಟ್ಟೂ ಹೋಗುತ್ತಿತ್ತು. ಅದರ ಜೊತೆ ಆ ಕೊನೆಯ ಜೋಡಿಯೂ.

ಅಂದು ಅವಳು ಒಂದು ಹೆಜ್ಜೆಯನ್ನೂ ಬಾಚಿರಲಿಲ್ಲ.

"ಯಾರಾದ್ರೂ ಬರ್ತಾರೇನಮ್ಮ?" ಎಂದರು ಅಧ್ಯಕ್ಷರು.

"ಬರ್ತಾರೆ ಸ್ವಾಮಿ. ಪ್ರಾರ್ಥನೆಗಲ್ಲ, ಔಷಧಿಗೆ. ಕಿಂಡಿ ತೆಗೆಯೋವರೆಗೂ ಅವ್ರು ಕದಲಲ್ಲ."

ಅಧ್ಯಕ್ಷರು ನಕ್ಕು, ಬೂಟಿನ ತುದಿಯಿಂದ ಒಂದು ಹೆಜ್ಜೆಯನ್ನು ಉಜ್ಜಿ ಅಳಿಸಿದರು. ಎಲ್ಲರೂ ನೋಡುತ್ತಿದ್ದಂತೆಯೇ ಎಳೆಗಳು ಮೆಲ್ಲಗೆ ಮತ್ತೆ ಒರಗಿದವು: ಮೊದಲು ಹಿಮ್ಮಡಿ, ಆಮೇಲೆ ಬೆರಳುಗಳು. ನಗು ಅಲ್ಲಿಗೇ ನಿಂತಿತು.

ಮಂದಿರ ಮುಚ್ಚಿ, ಗೋಡೆ ಒಡೆದು ಕಿಂಡಿ ತೆಗೆದು, ಮತ್ತೆ ಔಷಧಿ ಕೊಡತೊಡಗಿದರು. ಕಾರ್ಪೆಟ್ಟು ಹರಾಜಿಗೆ ಬಂದಾಗ, ಬಿಟ್ಟಿ ಸಿಕ್ಕರೆ ಬೂದಿಯನ್ನೂ ಕಟ್ಟಿಕೊಳ್ಳುವ ನಮ್ಮ ಬೀದಿಯ ವ್ಯಾಪಾರಿಗಳಲ್ಲಿ ಒಬ್ಬನೂ ಬೆಲೆ ಕೂಗಲಿಲ್ಲ. ಬೀಗದಮ್ಮ ಈಗ ಮನೆಮನೆಯ ಪಾತ್ರೆ ತಿಕ್ಕುತ್ತಾಳೆ. ಸಿಮೆಂಟು ನೆಲದ ಮೇಲೆ ಯಾರು ನಿಂತರೂ ಗುರುತು ಬೀಳುವುದಿಲ್ಲ. ಆದರೂ ಔಷಧಿಗೆ ಬಂದರೆ ತನ್ನ ಮುಂದೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟೇ ನಿಲ್ಲುತ್ತಾಳೆ. ಆ ಜಾಗಕ್ಕೆ ಯಾರೂ ನುಗ್ಗುವುದಿಲ್ಲ.

ನನ್ನ ಹೆಂಡತಿಯ ಉಬ್ಬಸದ ಔಷಧಿ ಬರುವುದು ಆ ಕಿಂಡಿಯಿಂದಲೇ. ಅವಳು ಉಸಿರಾಡುತ್ತಿರುವುದು ಬೀಗದಮ್ಮನ ಋಣ.