ಚಿತ್ರ ನೋಡದೆ ಚಿತ್ರ ಉಳಿಸುವವರು

ಗಂಡನ ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದೇನೆ. ಇನ್ನೂ ಪೂರ್ತಿ ಬೆಳಕಾಗಿಲ್ಲ. ಒಳಗೆ ಸ್ವೆಟರ್ ತೊಟ್ಟ ಮಧ್ಯವಯಸ್ಕರೊಬ್ಬರು ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡುತ್ತಾರೆ. ಫೈಲುಗಳ ಹೆಸರುಗಳು ಸರಸರನೆ ಮೇಲೇರುತ್ತವೆ. ಒಂದು ಚಿತ್ರವೂ ಕಾಣುವುದಿಲ್ಲ.

ಬೀದಿಯವರ ಬಾಯಲ್ಲಿ ಇವರು 'ಕರಿಪರದೆ'. ಹಳೆಯ ಕ್ಯಾಮೆರಾಗಳ ಚಿತ್ರಗಳು ಈಗಿನ ಕಂಪ್ಯೂಟರಿನಲ್ಲಿ ತೆರೆಯದಿದ್ದರೆ, ತೆರೆಯುವಂತೆ ಬದಲಿಸಿಕೊಡುವುದು ಇವರ ಕಸುಬು. ಮೊದಲು ಪತ್ರಿಕೆಯೊಂದರ ಫೋಟೋ ವಿಭಾಗದಲ್ಲಿದ್ದರು. ಪತ್ರಿಕೆ ಮುಚ್ಚಿತು, ಕೈಯಲ್ಲಿದ್ದ ವಿದ್ಯೆ ಉಳಿಯಿತು.

"ಒಂದೊಂದೇ ತೆಗೆದು ಬದಲಿಸ್ತಾ ಕೂತ್ರೆ ಮುದುಕ ಆಗೋಗ್ತೀನಿ. ಒಂದು ಸಾಲು ಬರೆದ್ರೆ ಸಾಕು, ಇಡೀ ಮದುವೆಯ ಫೋಟೋ ಮುಗಿಯುತ್ತೆ" ಎಂದು ನಗುತ್ತಾರೆ. ನಾನು ನಗುವುದಿಲ್ಲ.

ನನ್ನ ಗಂಡ ಕೊಟ್ಟಿದ್ದ ಚಿತ್ರಗಳನ್ನು ಇವರು ಪೆನ್‌ಡ್ರೈವಿಗೆ ಹಾಕಿ ನಿನ್ನೆ ಮನೆಗೆ ಕಳಿಸಿದ್ದರು. ಗಂಡ ಮಾತ್ರ ನೋಡಬೇಕಾದ ನನ್ನ ಚಿತ್ರಗಳೂ ಅದರಲ್ಲಿವೆ. ಪ್ರತಿ ಫೈಲಿನ ಮೇಲೂ ಅಂತ್ಯಕ್ರಿಯೆಯ ದಿನದ ತಾರೀಖು.

"ನಾವು ಅಣ್ಣನ್ನ ಹೊತ್ಕೊಂಡು ಹೋದಾಗ ಇವನು ಕೂತು ನೋಡಿದ್ದಾನೆ ಅತ್ತಿಗೆ," ಎಂದಿದ್ದ ಮೈದುನ. "ಕಾಪಿ ಇಟ್ಕೊಳ್ದೆ ಬಿಡ್ತಾನಾ? ಬೆಕ್ಕನ್ನ ಹಾಲಿಗೆ ಕಾವಲಿಟ್ಟ ಹಾಗಾಯ್ತು."

ಅತ್ತೆಯದು ಇನ್ನೊಂದು ಅನುಮಾನ: "ಅವತ್ತು ಗೇಟಲ್ಲಿ ನಿಂತು ಒಳಗೆ ಇಣುಕ್ತಾ ಇದ್ದ. ಮಾತಾಡದೆ ಹೋದ."

ತಾರೀಖಿನ ಬಗ್ಗೆ ಕೇಳುತ್ತೇನೆ. ಪರದೆ ನೋಡುತ್ತಲೇ ಹಣೆ ಚಚ್ಚಿಕೊಳ್ಳುತ್ತಾರೆ.

"ನಂದೇ ತಪ್ಪಮ್ಮ. ಬದಲಿಸಿದ ಫೈಲಿಗೆ ಬದಲಿಸಿದ ದಿನದ್ದೇ ತಾರೀಖು ಬೀಳುತ್ತೆ. ಹಳೇ ತಾರೀಖು ಉಳಿಸೋಕೆ ಇನ್ನೊಂದು ಸಾಲು ಬರೀಬೇಕು. ಕೆಲಸ ಶುರು ಮಾಡಿದ್ದೆ, ಅಷ್ಟರಲ್ಲಿ ಸುದ್ದಿ ಬಂತು. ಹಾಗೇ ಎದ್ದು ಓಡಿ ಬಂದೆ. ಆ ಸಾಲು ಮರೆತೇ ಹೋಯ್ತು, ಉಳಿದದ್ದು ಕಂಪ್ಯೂಟರು ತಾನಾಗೇ ಮುಗಿಸ್ತು."

"ಕಾಪಿ ಇಟ್ಕೊಂಡಿದೀರಾ?"

"ಇಟ್ಕೊಂಡಿದೀನಿ."

ಅವರು ಎದ್ದು ಕುರ್ಚಿ ಬಿಟ್ಟುಕೊಡುತ್ತಾರೆ.

"ಕೂತ್ಕೊಳ್ಳಿ. ನೀವೇ ಹುಡುಕಿ ನೋಡಿ. ಗಿರಾಕಿ ತೆರೆದು ನೋಡಿ ಒಪ್ಪೋವರೆಗೂ ಮೂಲ ಅಳಿಸಲ್ಲ. ಒಂದ್ಸಲ ಅವಸರ ಮಾಡಿ ಒಂದು ಮನೆಯವರ ಮಗುವಿನ ಫೋಟೋ ಅಷ್ಟೂ ಕಳೆದಿದೀನಿ."

ಹುಡುಕುತ್ತೇನೆ. ಬೇರೆ ಗಿರಾಕಿಗಳ ಫೋಲ್ಡರುಗಳ ನಡುವೆ ಗಂಡನ ಹೆಸರಿನದು ಒಂದೇ. ಅವರು ಗೋಡೆಯತ್ತ ತಿರುಗಿ ನಿಂತಿದ್ದಾರೆ. ಆಮೇಲೆ ಅವರು ಬಿಟ್ಟಿದ್ದ ಸಾಲು ಬರೆದು, ತಾರೀಖು ಸರಿಮಾಡಿ ಪೆನ್‌ಡ್ರೈವಿಗೆ ಹಾಕಿಕೊಟ್ಟ ಮೇಲೆ, ಅಳಿಸುವ ಗುಂಡಿಯನ್ನು ನಾನೇ ಒತ್ತುತ್ತೇನೆ.

"ಅವತ್ತು ಗೇಟಲ್ಲಿ ಯಾಕೆ ನಿಂತಿದ್ರಿ?"

"ಅವರನ್ನ ಕೊನೇ ಸಲ ನೋಡೋಕೆ. ಆಮೇಲೆ... ಸುಳ್ಳು ಯಾಕೆ ಹೇಳ್ಲಿ, ನನ್ನ ಕಾರ್ಡ್ ರೀಡರು, ಕ್ಯಾಮೆರಾ ಕಾರ್ಡಿಂದ ಫೋಟೋ ಇಳಿಸೋ ಡಬ್ಬಿ, ನಿಮ್ಮನೇಲಿತ್ತು. ಅವರು ತಗೊಂಡು ಹೋಗಿದ್ರು. ಹಳೇ ಕಾರ್ಡಿಗೆ ಹೊಂದೋದು ಅದೊಂದೇ. ಇಲ್ಲಿ ಮೂರು ಜನದ ಕಾರ್ಡು ಬಿದ್ದಿದೆ. ಕಳೆದುಹಾಕಿ ಕಥೆ ಹೇಳ್ತಿದೀಯ ಅಂತ ಬೈತಿದ್ದಾರೆ. ಆದ್ರೂ ಸಾವಿನ ಮನೇಲಿ ಬಾಯಿ ಬಿಟ್ಟು ಹೇಗೆ ಕೇಳ್ಲಿ?"

ಮನೆಗೆ ಹೋಗುತ್ತೇನೆ. ಗಂಡನ ಮೇಜಿನ ಖಾನೆಯಲ್ಲಿ, ಕನ್ನಡಕದ ಪಕ್ಕ, ಬೆಂಕಿಪೊಟ್ಟಣದಷ್ಟು ದೊಡ್ಡ ಕರಿಯ ಡಬ್ಬಿ. ತಂದು ಅವರ ಕೈಗಿಡುತ್ತೇನೆ. ಕಾರ್ಡೊಂದನ್ನು ತೂರಿಸುತ್ತಾರೆ. ಪುಟ್ಟ ದೀಪ ಹತ್ತಿಕೊಳ್ಳುತ್ತದೆ. ಫೋನ್ ಎತ್ತಿಕೊಳ್ಳುತ್ತಾರೆ.

"ಸಾರ್, ಸಂಜೆ ಬಂದು ನಿಮ್ಮ ಫೋಟೋ ತಗೊಂಡು ಹೋಗಿ. ಬೈಯೋದು ಬಾಕಿ ಇದ್ರೆ ಆಗ್ಲೇ ಬೈಯಿರಿ."